ಉಳ್ಳಾಗಡ್ಡಿ ಲೆಕ್ಕ

ಜುಲೈ ಚಳಿ. ಶನಿವಾರ ಮುಂಜಾನೆ ಎಂಟಕ್ಕೆ
ಜೀಲಾಂಗಿನ ಅಂಚಿನಲ್ಲಿ, ಹಾರ್ಡ್‌ವೇರ್ ಅಂಗಡಿಯೆದುರು
ಮೊಳೆ, ಬಣ್ಣ, ನಲ್ಲಿ ಕೊಳ್ಳಬಂದವರ ಕಾರುಗಳ ನಡುವೆ
ನಮ್ಮದೊಂದು ಡೇರೆ.
ಕೊಲ್ಲಿಯ ಕಡೆಯಿಂದ ಗಾಳಿ,
ಡೇರೆಯ ಕಾಲಿಗೆ ಮರಳಿನ ಚೀಲ.

ನನ್ನ ಪಾಲಿಗೆ ಉಳ್ಳಾಗಡ್ಡಿ, ಇಪ್ಪತ್ತು ಕಿಲೋ.
ಸಾಸೇಜ್ ಮುಟ್ಟುವವಳಲ್ಲ ಎಂದು ಮೊರೀನ್‌ಗೆ ಗೊತ್ತು,
ಈಳಿಗೆಮಣೆ ತಂದದ್ದು ಕಂಡು ಮಾತ್ರ ಹೆದರಿದಳು.

ಬ್ರೆಡ್ಡಿನ ಮೇಲೆ ಮೊದಲು ಉಳ್ಳಾಗಡ್ಡಿ, ಅದರ ಮೇಲೆ ಸಾಸೇಜ್.
ತಿರುವುಮುರುವಾದರೆ ಉಳ್ಳಾಗಡ್ಡಿ ನೆಲಕ್ಕೆ ಬಿದ್ದು
ಯಾರದಾದರೂ ಕಾಲು ಜಾರೀತಂತೆ.
ಅದಕ್ಕೊಂದು ಸುತ್ತೋಲೆಯಿದೆ, ಕಂಬಕ್ಕೆ ಅಂಟಿಸಿದ್ದಾರೆ.
ಜಾರುವ ಕಾಲಿನ ಬಗ್ಗೆ ಇಷ್ಟು ಯೋಚಿಸಿದ ನಾಡು!

ಇಕ್ಕಳ ಹಿಡಿದು ಹೊರಳಿಸುವವಳು ಫ್ರೇಯಾ.
ವಾರದ ಐದು ದಿನ ಮಿದುಳಿನ ಎಳೆಗಳನ್ನು
ಗಾಜಿನ ಮೇಲೆ ಹರಡಿ ನೋಡುವವಳು.
ಮಾರ್ಚ್‌ನಲ್ಲಿ ಅವಳ ಅರ್ಜಿ ವಾಪಸು ಬಂತು:
ವಿಚಾರ ಉತ್ತಮ, ನಿಧಿ ಸೀಮಿತ.
ಡಿಸೆಂಬರ್‌ವರೆಗೆ ಸಂಬಳವುಂಟು,
ಆಮೇಲೆ ನನ್ನ ಇಲಿಗಳಿಗೆ ದೇವರೇ ಗತಿ, ಎಂದು ನಗುತ್ತಾಳೆ,
ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಾಳೆ.
ನನ್ನ ಕಣ್ಣಿಗೆ ಹೇಗೂ ಉಳ್ಳಾಗಡ್ಡಿಯ ನೆಪವಿದೆ.

ಮೂಲೆಯ ಮಡಿಚು ಕುರ್ಚಿಯಲ್ಲಿ ಅಂದಾನಪ್ಪ.
ನನ್ನ ಗಂಡ ಎಂದು ನಾನು ಹೇಳುತ್ತೇನೆ,
ಅವರು ನರ್ಸ್ ಎನ್ನುತ್ತಾರೆ, ಒಳ್ಳೆಯ ದಿನವಾದರೆ, ಅಕ್ಕಾ.
ಇಪ್ಪತ್ತೆಂಟು ವರ್ಷ ತೆರಿಗೆ ಕಚೇರಿಯ ತಪಾಸಣೆ.
ಪರರ ರಸೀದಿಯಲ್ಲಿ ಸೊನ್ನೆಯೊಂದು ಜಾರಿದರೆ
ತಾಟು ಬಿಟ್ಟು ಏಳುತ್ತಿದ್ದ ಮನುಷ್ಯ.
"ತೆರಿಗಿ ಅಂದ್ರ ಏನ?" ಎಂದು ಕೇಳುತ್ತಿದ್ದರು ಬಂದವರನ್ನೆಲ್ಲ,
"ಒಬ್ಬೊಬ್ಬರ ಮರೆಯೂದನ್ನ
ಎಲ್ಲಾರೂ ಕೂಡಿ ನೆನಪಿಡೂದು."

ಈಗ ತೊಡೆಯ ಮೇಲೆ ಚಿಲ್ಲರೆ ಡಬ್ಬಿ.
ಈ ದೇಶದಲ್ಲಿ ಎರಡರ ನಾಣ್ಯ ಒಂದರದಕ್ಕಿಂತ ಚಿಕ್ಕದು.
ಬಂದ ಹೊಸತರಲ್ಲಿ ಅದಕ್ಕೆ ನಕ್ಕೂ ನಕ್ಕೂ ಸಾಕಾಗಿದ್ದರು,
ಈಗ ಅದರ ಮುಂದೆ ಕೂತು ಬೆವರುತ್ತಾರೆ.
ಜೋಡಿಸುತ್ತಾರೆ, ಕೆಡವುತ್ತಾರೆ, ಜೋಡಿಸುತ್ತಾರೆ.

ಸುಣ್ಣದ ಕಲೆಯ ಬೂಟಿನ ಹುಡುಗನೊಬ್ಬ ಕೇಳಿದ, ಯಾತಕ್ಕೆ ಈ ರೊಕ್ಕ?
ಮರೆವಿನ ರೋಗದ ಸಂಶೋಧನೆಗೆ, ಎಂದಳು ಮೊರೀನ್.
"ನಮ್ಮಜ್ಜಿ," ಎಂದ. ಅಷ್ಟೇ.
ಇಪ್ಪತ್ತರ ನೋಟು ಇಟ್ಟ. ತಿಂಡಿ ಮರೆತು ಹೋದ.
ಹೀಗೇ ಬರುತ್ತಾರೆ, ನಾಲಿಗೆಯಲ್ಲೊಂದು ಹೆಸರು ಹೊತ್ತು.

ಜೋಳಿಗೆ ನನಗೆ ಹೊಸದಲ್ಲ.
ಗದಗಿನ ಓಣಿಯಲ್ಲಿ ಜೋಳಿಗೆಗೆ ಜೋಳ ಸುರಿದ ಕೈ ಇದು.
ಜೋಳಿಗೆಯಿಂದ ಮಠ ನಡೆದೀತು, ನೂರು ಮಂದಿಯ ಊಟ ನಡೆದೀತು.
ಹದಿನೈದು ವರ್ಷ ಕಾದು, ಹತ್ತು ಸಲ ಸೋತು,
ಹನ್ನೊಂದನೆಯದಕ್ಕೆ ದೀಪ ಹಚ್ಚುವ ಕೆಲಸ
ಯಾವ ಜೋಳಿಗೆಯಲ್ಲಿ ಹಿಡಿದೀತು?
ಸಬ್‌ಮರೀನ್ ಬೇಕೆಂದಾಗ
ಯಾವ ನೌಕಾಧಿಪತಿಯೂ ಇಲ್ಲಿ ಬಂದು
ಉಳ್ಳಾಗಡ್ಡಿ ಹೆಚ್ಚಿದ್ದು ನಾನು ಕಾಣೆ.
ಕ್ಯಾನ್‌ಬೆರಾಕ್ಕೆ ಇದನ್ನೇ ಬರೆದೆ. ಮೂರು ಕಾಗದ.
ತಮ್ಮ ಪತ್ರ ತಲುಪಿದೆ, ಎಂದು ಒಂದು ಉತ್ತರ.

ನಾಲ್ಕಕ್ಕೆ ಡೇರೆ ಬಿಚ್ಚಿದೆವು.
ಸಾವಿರದ ಎಂಟುನೂರ ನಲವತ್ತೆರಡು ಡಾಲರ್.
ಫ್ರೇಯಾ ಬೆರಳು ಮಡಿಚಿದಳು:
ಇಷ್ಟು ಇಷ್ಟಗಲದ ಸೀಸೆ, ಎರಡು. ಸೆಪ್ಟೆಂಬರ್ ದಾಟಬಹುದು.

ನಾನು ಕೂಡಿಸಿದ ಚೀಟಿಯನ್ನು ಅಂದಾನಪ್ಪ ಎಳೆದುಕೊಂಡರು.
ಪೆನ್ಸಿಲ್ಲಿನ ತುದಿ ಸಾಲುಸಾಲಾಗಿ ಇಳಿಯಿತು, ಹಳೆಯ ಗತ್ತಿನಲ್ಲಿ.
ಮೊತ್ತದ ಕೆಳಗೊಂದು ಗೆರೆ ಎಳೆದರು.
ಲೆಕ್ಕ ಮುಗಿದರೆ ಎರಡು ಗೆರೆ,
ಅದನ್ನು ನನಗೆ ಕಲಿಸಿದ್ದೇ ಅವರು.
ಇನ್ನೊಂದು? ಎಂದೆ.
"ಇದು ಸರಕಾರದ ಖಾತೆ, ಬಾಕಿ ಐತಿ," ಎಂದು
ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡರು.
ಆಮೇಲೆ ಅದೇ ಪೆನ್ಸಿಲ್ಲನ್ನು ಹುಡುಕಿದರು.

ಕಾರಿನಲ್ಲಿ ಬೆಲ್ಟ್ ಹಾಕುವಾಗ
ನನ್ನ ಅಂಗೈಯನ್ನು ಮೂಗಿಗೆ ಹಿಡಿದರು, ಬಿಡಲಿಲ್ಲ.
"ಉಳ್ಳಾಗಡ್ಡಿ ಪಲ್ಯ ಮಾಡೀಯೇನವ್ವಾ?"
ಹ್ಞೂಂ, ಎಂದೆ.
ಮನೆಯಲ್ಲಿ ಒಂದು ಉಳ್ಳಾಗಡ್ಡಿಯೂ ಇರಲಿಲ್ಲ.